ಎರಡು ಲಾಲ್‌ಬಾಗುಗಳು: ಅರಸರ ತೋಟ ಜನರ ವಿಹಾರತಾಣವಾದ ಬಗೆ



ಶಾಲೆಯಿಂದ ಒಂದು ದಿನದ ಪ್ರವಾಸ ಎಂದ ಕೂಡಲೇ ನಮ್ಮ ನಾಡಿನ ಅನೇಕ ಮಕ್ಕಳ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ನಸುಕಿನಲ್ಲೇ ಕಟ್ಟಿಸಿಕೊಂಡ ಚಿತ್ರಾನ್ನದ ಬುತ್ತಿ, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗಕ್ಕಾಗಿ ಜಗಳ, ಆಮೇಲೆ ಬೆಂಗಳೂರಿನ ಲಾಲ್‌ಬಾಗ್. ಗಾಜಿನ ಮನೆ ನೋಡುವುದು, ಬಂಡೆ ಹತ್ತುವುದು, ಮರದ ನೆರಳಿನಲ್ಲಿ ಸಾಲಾಗಿ ಕುಳಿತು ಬುತ್ತಿ ಬಿಚ್ಚುವುದು. ಇದರಲ್ಲಿ ಇತಿಹಾಸವೇನು ಬಂತು ಎಂದು ನೀವು ಕೇಳಬಹುದು.

ಇನ್ನೂರೈವತ್ತು ವರ್ಷಗಳ ಹಿಂದಿನ ಒಬ್ಬ ರೈತನನ್ನೋ ನೇಕಾರನನ್ನೋ ಊಹಿಸಿಕೊಳ್ಳಿ. ಮಡದಿ ಮಕ್ಕಳೊಡನೆ ಇಲ್ಲಿಗೆ ಬಂದು, ಹುಲ್ಲಿನ ಮೇಲೆ ಕುಳಿತು, ಮನಸ್ಸು ಬಂದಾಗ ಎದ್ದು ಹೋಗುವ ಹಕ್ಕು ಅವನಿಗಿರಲಿಲ್ಲ. ಅದು ಆಳುವವನ ಸ್ವಂತ ತೋಟ. ಇಂದು ನಾವು ಸಹಜವೆಂದು ಭಾವಿಸುವ ಈ ಹಕ್ಕು ಹೇಗೆ ಬಂತೆಂಬುದನ್ನು ತಿಳಿಯಲು ಒಂದಲ್ಲ, ಎರಡು ಲಾಲ್‌ಬಾಗುಗಳ ಕಥೆಯನ್ನು ನೋಡಬೇಕು.

ಹೈದರ್ ಅಲಿ ಬೆಂಗಳೂರಿನಲ್ಲಿ ತೋಟ ಮಾಡಿಸಲು ತೊಡಗಿದ್ದು 1760ರಲ್ಲಿ. ಮೊಗಲರ ಸುಬೇದಾರರಿದ್ದ ಶಿರಾದಲ್ಲಿ ಅಂಥದೊಂದು ತೋಟವಿತ್ತು. ಅದೇ ಇದಕ್ಕೆ ಮಾದರಿ. ಆರಂಭದಲ್ಲಿ ವಿಸ್ತಾರ ಸುಮಾರು 40 ಎಕರೆ. ಮಗ ಟಿಪ್ಪು ಸುಲ್ತಾನನಿಗೆ ಗಿಡಮರಗಳಲ್ಲಿ ತಂದೆಗಿಂತಲೂ ಹೆಚ್ಚಿನ ಆಸ್ಥೆ. ಪರದೇಶಗಳಿಂದ ಬೀಜ ಸಸಿಗಳನ್ನು ತರಿಸಿ ನೆಡಿಸಿದ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತುತ್ತಾ ಈ ತೋಟಕ್ಕೂ ಬಂದ. ಅವನ ವಿವರಣೆ ಇಂದಿಗೂ ಓದಲು ಸೊಗಸು. ಚೌಕ ಚೌಕವಾದ ಮಡಿಗಳು, ನಡುವೆ ಕಾಲುದಾರಿಗಳು, ದಾರಿಯ ಇಕ್ಕೆಲಗಳಲ್ಲಿ ಸೈಪ್ರಸ್ ಮರಗಳ ಸಾಲು. ಒಂದು ಮಡಿಯಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಒಂದು ಜಾತಿಗೆ ಒಂದು ಮಡಿ ಎಂಬುದು ಆ ತೋಟದ ಕ್ರಮ. ದಕ್ಷಿಣ ಆಫ್ರಿಕದ ಕೇಪ್‌ನಿಂದ ಬಂದ ಪೈನ್ ಮತ್ತು ಓಕ್ ಸಸಿಗಳು ಚೆನ್ನಾಗಿ ಬರುತ್ತಿದ್ದುದನ್ನೂ ಅವನು ಗಮನಿಸಿದ್ದಾನೆ.

ಇನ್ನು ಎರಡನೆಯ ಲಾಲ್‌ಬಾಗ್. ಅದು ಶ್ರೀರಂಗಪಟ್ಟಣದ ದ್ವೀಪದ ಪೂರ್ವ ತುದಿಯಲ್ಲಿ, ಗಂಜಾಂ ಬಳಿ ಇತ್ತು. ಹೆಸರೂ ಅದೇ, ಒಡೆಯನೂ ಅವನೇ. ರಾಜಧಾನಿಯ ತೋಟವಾದ್ದರಿಂದ ವೈಭವ ಇನ್ನೂ ಹೆಚ್ಚು. ಒಳಗೊಂದು ಅರಮನೆ, ಪಕ್ಕದಲ್ಲಿ ಹೈದರನ ಸಮಾಧಿ. ನೀವು ಪ್ರವಾಸದಲ್ಲಿ ನೋಡುವ ಗುಂಬಜ್ ಇರುವುದು ಆ ತೋಟದ ನೆಲದಲ್ಲಿಯೇ.

1792ರ ಫೆಬ್ರವರಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೇನೆ ದ್ವೀಪದೊಳಕ್ಕೆ ನುಗ್ಗಿ ಇದೇ ತೋಟದಲ್ಲಿ ಬೀಡುಬಿಟ್ಟಿತು. ಕೋಟೆಗೆ ಮುತ್ತಿಗೆ ಹಾಕುವ ಸೈನಿಕರಿಗೆ ಗುಂಡಿನಿಂದ ಮರೆ ಬೇಕು. ಕೊಂಬೆಗಳನ್ನು ಹೊರೆ ಕಟ್ಟಿ, ಕಡ್ಡಿಗಳಿಂದ ಬುಟ್ಟಿ ಹೆಣೆದು ಮಣ್ಣು ತುಂಬಿ ಅಡ್ಡಗೋಡೆ ಮಾಡುತ್ತಿದ್ದ ಕಾಲ ಅದು. ಬೇಕಾದ ಮರವೆಲ್ಲ ಕೈಗೆಟುಕುವಲ್ಲೇ ಇತ್ತು! ವರ್ಷಗಟ್ಟಲೆ ನೀರುಣಿಸಿ ಬೆಳೆಸಿದ ಸೈಪ್ರಸ್ ಸಾಲುಗಳು, ಹಣ್ಣಿನ ಮರಗಳು ಕೊಡಲಿಗೆ ಆಹುತಿಯಾದವು. ಅರಮನೆ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಮುಂದೆ ಆ ಅರಮನೆಯನ್ನೂ ಕಳಚಿದರು. ಗುಂಬಜ್ ಒಂದು ಉಳಿಯಿತು, ತೋಟ ಹೋಯಿತು.

ಬೆಂಗಳೂರಿನ ತೋಟಕ್ಕೂ ಅದೇ ಗತಿ ಬರಬಹುದಿತ್ತು. ಒಡೆಯನಿಲ್ಲದ ತೋಟ ನಾಲ್ಕು ಬೇಸಿಗೆ ನೀರು ಕಾಣದಿದ್ದರೆ ಬೀಡಾಗುತ್ತದೆ. 1799ರ ನಂತರ ಅದು ಮೇಜರ್ ವಾ ಎಂಬ ಸೈನ್ಯಾಧಿಕಾರಿಯ ವಶದಲ್ಲಿತ್ತು. ಸಸ್ಯಗಳಲ್ಲಿ ಆಸಕ್ತಿಯಿದ್ದ ಆತ 1819ರಲ್ಲಿ ಅದನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸನಿಗೆ ಒಪ್ಪಿಸಿದ. 1831ರವರೆಗೆ ಕಲ್ಕತ್ತೆಯ ಸಸ್ಯತೋಟದ ವಾಲಿಚ್ ಅದರ ಮೇಲ್ವಿಚಾರಣೆ ನೋಡಿಕೊಂಡ. 1836ರಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವೊಂದಕ್ಕೆ ಕೊಟ್ಟರು. 1842ರಲ್ಲಿ ಆ ಸಂಘವೇ ಮುಚ್ಚಿಹೋಯಿತು. ಕೊನೆಗೆ 1856ರಲ್ಲಿ, ಸಸ್ಯಶಾಸ್ತ್ರಜ್ಞ ಕ್ಲೆಗಾರ್ನನ ಸಲಹೆಯ ಮೇರೆಗೆ, ಅದನ್ನು ಸರ್ಕಾರಿ ಸಸ್ಯತೋಟವೆಂದು ಸ್ಥಾಪಿಸಲಾಯಿತು. ಇಷ್ಟೊಂದು ಕೈ ಬದಲಾದರೂ ತೋಟ ಉಳಿದದ್ದಕ್ಕೆ ಕಾರಣ ಸೌಂದರ್ಯಪ್ರೇಮವೊಂದೇ ಅಲ್ಲ. ಯಾವ ಬೆಳೆ ಈ ಹವೆಗೆ ಒಗ್ಗುತ್ತದೆ, ಯಾವುದರಿಂದ ಆದಾಯವಿದೆ ಎಂದು ಪರೀಕ್ಷಿಸಲು ಕಂಪನಿಗೆ ಒಂದು ಜಾಗ ಬೇಕಾಗಿತ್ತು. ಈ ಲೆಕ್ಕಾಚಾರವನ್ನು ಮರೆಮಾಚಿ ಬರೀ ಉಪಕಾರದ ಕಥೆ ಹೇಳುವುದು ಸರಿಯಲ್ಲ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೇರೊಂದು ಬದಲಾವಣೆ ನಡೆದಿತ್ತು. ಕಾರ್ಖಾನೆಗಳ ಊರುಗಳಲ್ಲಿ ಹೊಗೆ, ಕಿಕ್ಕಿರಿದ ಮನೆಗಳು. ಹಸಿರೆಲ್ಲ ಶ್ರೀಮಂತರ ಬೇಲಿಯೊಳಗೆ. ಡರ್ಬಿ ಪಟ್ಟಣದಲ್ಲಿ ಜೋಸೆಫ್ ಸ್ಟ್ರಟ್ ಎಂಬ ಗಿರಣಿ ಮಾಲೀಕ 1840ರಲ್ಲಿ 11 ಎಕರೆಯ ವೃಕ್ಷೋದ್ಯಾನವೊಂದನ್ನು ಊರಿಗೆ ದಾನವಾಗಿ ಕೊಟ್ಟ. ಅಲ್ಲಿ ಪ್ರತಿ ಮರಕ್ಕೂ ಹೆಸರಿನ ಗುರುತು. ವಾರದಲ್ಲಿ ಎರಡು ದಿನ ಎಲ್ಲರಿಗೂ ಉಚಿತ ಪ್ರವೇಶ. ಉಳಿದ ದಿನ ನಿರ್ವಹಣೆಗಾಗಿ ಶುಲ್ಕ. ಉಚಿತ ದಿನಗಳಲ್ಲಿ ಒಂದು ಭಾನುವಾರ. ಇದು ಸಣ್ಣ ಮಾತಲ್ಲ. ಗಿರಣಿ ಕಾರ್ಮಿಕನಿಗೆ ಬಿಡುವಿದ್ದದ್ದೇ ಆ ದಿನ. ವಿಹಾರಕ್ಕೆ ತೋಟ ಎಷ್ಟು ಬೇಕೋ ಬಿಡುವೂ ಅಷ್ಟೇ ಬೇಕು. ಅದೇ 1840ರಲ್ಲಿ ಲಂಡನ್ ಬಳಿಯ ಕ್ಯೂ ತೋಟವೂ ರಾಜಮನೆತನದ ಕೈಯಿಂದ ಸರ್ಕಾರದ ಕೈಗೆ ಬಂತು. ಈ ಕ್ಯೂ ತೋಟದಲ್ಲಿ ತರಬೇತಾದ ವಿಲಿಯಂ ನ್ಯೂ 1858ರಲ್ಲಿ ನಮ್ಮ ಲಾಲ್‌ಬಾಗಿಗೆ ಬಂದ. ಹೀಗೆ ಡೆಕ್ಕನ್ನಿನ ಅರಸನ ತೋಟಕ್ಕೂ ಥೇಮ್ಸ್ ದಡದ ಅರಸನ ತೋಟಕ್ಕೂ ನಂಟು ಬೆಳೆಯಿತು.

ಲಾಲ್‌ಬಾಗನ್ನು ನಿಜವಾಗಿ ಜನರ ಜಾಗವಾಗಿ ಮಾಡಿದವರಲ್ಲಿ ಜಾನ್ ಕ್ಯಾಮರಾನ್ ಮುಖ್ಯನಾದವನು. ಅವನು ಅಧಿಕಾರ ವಹಿಸಿಕೊಂಡ 1874ರಲ್ಲಿ ತೋಟ 45 ಎಕರೆ ಇತ್ತು. ಕೆಂಪೇಗೌಡ ಗೋಪುರವಿರುವ ಬಂಡೆಯೂ ಸೇರಿಕೊಂಡು 1894ರ ವೇಳೆಗೆ 188 ಎಕರೆಗೆ ಬೆಳೆಯಿತು. ಇಂದು 240 ಎಕರೆ. ಗಾಜಿನ ಮನೆಗೆ 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿ. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋದಿಂದ. 1935ರಲ್ಲಿ ಅದನ್ನು ವಿಸ್ತರಿಸಿದಾಗ ಬಳಸಿದ್ದು ನಮ್ಮ ಭದ್ರಾವತಿಯ ಉಕ್ಕು. ಮುಂದಿನ ಸಲ ಹೋದಾಗ ಎಲ್ಲಿ ಹಳೆಯದು ಮುಗಿದು ಹೊಸದು ತೊಡಗುತ್ತದೆ ಎಂದು ಕಂಬಗಳನ್ನು ನೋಡಿ ಪತ್ತೆ ಮಾಡಲು ಪ್ರಯತ್ನಿಸಿ. ಆ ಕಾಲದಲ್ಲಿ ತೋಟದೊಳಗೆ ಒಂದು ಪ್ರಾಣಿಸಂಗ್ರಹಾಲಯವೂ ಇತ್ತು. ಈಗ ಉಳಿದಿರುವ ಪಾರಿವಾಳದ ಗೂಡು ಅದರ ನೆನಪು.

ನಿಮ್ಮ ಮನೆಯ ಸಾಂಬಾರಿನಲ್ಲಿಯೂ ಕ್ಯಾಮರಾನ್ ಇದ್ದಾನೆ! ಸೀಮೆಬದನೆಕಾಯಿಯನ್ನು ಲಾಲ್‌ಬಾಗಿನ ಮೂಲಕ ಇಲ್ಲಿ ಪರಿಚಯಿಸಿದವನು ಅವನೇ ಎನ್ನುತ್ತಾರೆ. ನೆರೆಯ ತಮಿಳುನಾಡಿನಲ್ಲಿ ಅದನ್ನು ಇಂದಿಗೂ ಬೆಂಗಳೂರು ಕತ್ತರಿಕಾಯಿ ಎಂದೇ ಕರೆಯುವುದುಂಟು.

1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕ್ರುಂಬೀಗಲ್ ತೋಟದ ಗೇಟಿನಾಚೆಗೂ ನೋಟ ಹರಿಸಿದ. ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆರಿಸಬೇಕು ಎಂಬುದು ಅವನ ಯೋಜನೆ. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಹುಟ್ಟಿದ್ದೂ ಅವನ ಕಾಲದಲ್ಲೇ. 1932ರಲ್ಲಿ ಅವನ ಸ್ಥಾನಕ್ಕೆ ಬಂದ ಎಚ್. ಸಿ. ಜವರಾಯರು ಮೊದಲ ಭಾರತೀಯ ಮೇಲ್ವಿಚಾರಕರು. ಮುಂದೆ ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ಲಾಲ್‌ಬಾಗಿನಿಂದ ನಾಡಿನ ಮೂಲೆ ಮೂಲೆಗೆ ಒಯ್ದರು. ಅವರದೇ ಒಂದು ದೊಡ್ಡ ಕಥೆ, ಇನ್ನೊಮ್ಮೆ ಹೇಳಬೇಕಾದದ್ದು.

ಸರ್ಕಾರದ ತೋಟಗಳ ಮಾತಾಯಿತು. ಖಾಸಗಿಯವರ ಮನೆತೋಟಗಳ ಬಾಗಿಲು? ಇಂಗ್ಲೆಂಡಿನಲ್ಲಿ ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು. ಹಳ್ಳಿ ಪಟ್ಟಣಗಳಲ್ಲಿ ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರ ನೆರವಿಗೆ ಹಣ ಬೇಕಾಗಿತ್ತು. ಎಲ್ಸಿ ವ್ಯಾಗ್ ಎಂಬ ಮಹಿಳೆ, ತೋಟವಿರುವವರು ಗೇಟು ತೆರೆಯಲಿ, ನೋಡಲು ಬಂದವರು ತಲೆಗೊಂದು ಶಿಲಿಂಗ್ ಕೊಡಲಿ ಎಂದು ಸೂಚಿಸಿದಳು. 1927ರಲ್ಲಿ 609 ತೋಟಗಳು ತೆರೆದವು, 8,000 ಪೌಂಡಿಗೂ ಹೆಚ್ಚು ಹಣ ಕೂಡಿತು. ಆ ಯೋಜನೆ ಇಂದಿಗೂ ನಡೆಯುತ್ತಿದೆ. ನಮ್ಮಲ್ಲಿ ಉದ್ಯಾನ ಕಲಾ ಸಂಘ ಮನೆತೋಟಗಳಿಗೆ ಸ್ಪರ್ಧೆ ನಡೆಸುತ್ತದೆ, ತೀರ್ಪುಗಾರರು ಮನೆಗೇ ಬಂದು ನೋಡುತ್ತಾರೆ. ಆದರೆ ದಾರಿಹೋಕರು ಬೇಲಿಯಾಚೆಯಿಂದ ಇಣುಕುವುದಷ್ಟೇ. ಬಹುಮಾನ ಬಂದ ತೋಟವನ್ನು ಒಂದು ಭಾನುವಾರ ಅಕ್ಕಪಕ್ಕದ ಶಾಲೆಯ ಮಕ್ಕಳಿಗಾದರೂ ತೆರೆಯಬಾರದೇಕೆ ಎಂದು ನನಗೆ ಆಗಾಗ ಅನ್ನಿಸುವುದುಂಟು.

ತೆರೆದ ಬಾಗಿಲಿಗೆ ಅದರದೇ ತೊಂದರೆಗಳೂ ಇವೆಯೆನ್ನಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೂವಿಗಿಂತ ಜನವೇ ಹೆಚ್ಚು ಕಾಣುತ್ತಾರೆ. ಹುಲ್ಲು ತುಳಿತಕ್ಕೆ ಸಿಗುತ್ತದೆ, ಮರದ ತೊಗಟೆಯ ಮೇಲೆ ಹೆಸರು ಕೆತ್ತುವವರೂ ಇದ್ದಾರೆ. ಮಾಲಿಗಳು ಮರುದಿನ ನಸುಕಿನಿಂದ ಕಸ ಆಯುತ್ತಾರೆ. ಆದರೂ ಶ್ರೀರಂಗಪಟ್ಟಣದ ತೋಟವನ್ನು ನೆನೆದರೆ ಈ ತೊಂದರೆ ಹಗುರ. ಅಲ್ಲಿ ಮರ ಕಡಿದಾಗ ಕೇಳಲು ಒಡೆಯನೊಬ್ಬನೇ ಇದ್ದ, ಅವನೂ ಕೋಟೆಯೊಳಗೆ ಸಿಕ್ಕಿಬಿದ್ದಿದ್ದ. ಇಂದು ಲಾಲ್‌ಬಾಗಿನ ಒಂದು ಮರಕ್ಕೆ ಕೊಡಲಿ ಬೀಳುತ್ತದೆಂಬ ಸುದ್ದಿ ಹಬ್ಬಿದರೂ ಬೆಳಗಿನ ವಾಯುವಿಹಾರಕ್ಕೆ ಬರುವವರು ಸುಮ್ಮನಿರುವುದಿಲ್ಲ.

ಕೊನೆಗೊಂದು ಮಾತು. ಊಟಿಗೆ ಪ್ರವಾಸ ಹೋಗುವವರು ಅಲ್ಲಿನ ಸಸ್ಯೋದ್ಯಾನವನ್ನು ನೋಡಿಯೇ ಬರುತ್ತಾರೆ. ಹಾಗೆಯೇ 1830ರ ಸುಮಾರಿಗೆ ಕಟ್ಟಿದ ಸೇಂಟ್ ಸ್ಟೀಫನ್ ಚರ್ಚಿನೊಳಗೂ ಹೋಗಿ, ಒಮ್ಮೆ ತಲೆಯೆತ್ತಿ ಚಾವಣಿಯನ್ನು ನೋಡಿ. ಅಲ್ಲಿನ ದಪ್ಪ ತೊಲೆಗಳನ್ನು ಘಟ್ಟ ಹತ್ತಿಸಿ ತಂದದ್ದು ಶ್ರೀರಂಗಪಟ್ಟಣದಿಂದ. ಕಳಚಿದ ಆ ಲಾಲ್‌ಬಾಗ್ ಅರಮನೆಯಿಂದ.