ಮೇಣದಬತ್ತಿ ವಾಲುತ್ತಿದೆಯಾ? ತಳ ಮಟ್ಟ ಮಾಡೋದು ಹೀಗೆ

ಲೋಟ, ಡಬ್ಬಿಯ ಆಸರೆ ಇಲ್ಲದೆ ತಾನೇ ನಿಲ್ಲುವ ದಪ್ಪ ಮೇಣದಬತ್ತಿಗೆ ಪಿಲ್ಲರ್ ಕ್ಯಾಂಡಲ್ ಅಂತಾರೆ. ಮನೆಯಲ್ಲೇ ಮಾಡಿದ ಇಂಥ ಮೇಣದಬತ್ತಿಯ ಬಣ್ಣ, ಪರಿಮಳ ಎಷ್ಟೇ ಚೆನ್ನಾಗಿದ್ದರೂ ತಳ ಸಮ ಇಲ್ಲದಿದ್ದರೆ ಗಿರಾಕಿ ವಾಪಸ್ ತರೋದು ಖಚಿತ. ಇದು ಬರೀ ಅಂದದ ವಿಷಯ ಅಲ್ಲ. ಕರೆಂಟ್ ಹೋದಾಗ ಹಚ್ಚಿಟ್ಟ ಮೇಣದಬತ್ತಿ ಪರದೆ, ಪುಸ್ತಕದ ಮೇಲೆ ಉರುಳಿದರೆ ಬೆಂಕಿ ಅನಾಹುತ ಆಗುತ್ತೆ.

ತಳ 5 ಸೆಂ.ಮೀ. ಅಗಲ, ಎತ್ತರ 15 ಸೆಂ.ಮೀ. ಅಂತ ಇಟ್ಟುಕೊಳ್ಳಿ. ತಳದ ಒಂದು ಬದಿ ಬರೀ 2 ಮಿ.ಮೀ. ಎತ್ತರ ಇದ್ದರೂ ತುದಿ ಸುಮಾರು 6 ಮಿ.ಮೀ. ಪಕ್ಕಕ್ಕೆ ವಾಲುತ್ತೆ. ಉರಿಯುವಾಗ ಕರಗಿದ ಮೇಣ ತಗ್ಗಿನ ಕಡೆಗೇ ಹರಿದು ಆ ಬದಿಯಿಂದ ಸೋರುತ್ತೆ.

ಏರುಪೇರು ಯಾಕೆ?

ಅಚ್ಚಿನಲ್ಲಿ ಮೇಣದಬತ್ತಿ ಸಾಮಾನ್ಯವಾಗಿ ತಲೆಕೆಳಗಾಗಿ ತಯಾರಾಗುತ್ತೆ. ನಾವು ಮೇಣ ಸುರಿಯುವ ಕಡೆಯೇ ಕೊನೆಗೆ ತಳ. ಪ್ಯಾರಾಫಿನ್ ಮೇಣ ಆರುತ್ತಾ ಕುಗ್ಗುವುದರಿಂದ ಮಧ್ಯದಲ್ಲಿ ದಾರದ ಸುತ್ತ ಗುಂಡಿ ಬೀಳುತ್ತೆ. ಅದನ್ನು ತುಂಬಲು ಎರಡನೇ ಸಲ ಸುರಿದಾಗ ಮೊದಲಿನ ಮಟ್ಟಕ್ಕಿಂತ ಚೂರು ಕೆಳಗೇ ನಿಲ್ಲಿಸಿ. ಅಚ್ಚು ಇಡುವ ಜಾಗವೂ ಸಮ ಇರಲಿ.

ಮಟ್ಟ ಮಾಡುವ ಕ್ರಮ

1. ಅಚ್ಚಿನಿಂದ ತೆಗೆದ ಮೇಣದಬತ್ತಿ ಒಂದು ರಾತ್ರಿ ಪೂರ್ತಿ ಆರಲಿ. ತಳದಲ್ಲಿ ಉಳಿದ ದಾರವನ್ನು ಮೇಣದ ಮಟ್ಟಕ್ಕೆ ಕತ್ತರಿಸಿ.

2. ದೊಡ್ಡ ಉಬ್ಬು ಇದ್ದರೆ ಚಾಕುವಿನಿಂದ ತೆಳ್ಳಗೆ ಹೆರೆಯಿರಿ. ಒಂದೇ ಏಟಿಗೆ ಕೊಯ್ದರೆ ಅಂಚು ಒಡೆಯುತ್ತೆ.

3. ಅಗಲ ಪಾತ್ರೆಯಲ್ಲಿ ನೀರು ಕುದಿಸಿ, ಸ್ಟವ್ ಆರಿಸಿ. ಅದರ ಮೇಲೆ ಅಂಚಿರುವ, ಚಪ್ಪಟೆ ತಳದ ಹಳೇ ಸ್ಟೀಲ್ ತಟ್ಟೆ ಇಡಿ. ಪಕ್ಕದಿಂದ ಬರುವ ಹಬೆಗೆ ಕೈ ಕೊಡಬೇಡಿ.

4. ತಟ್ಟೆ ಬಿಸಿಯಾದ ಮೇಲೆ ಮೇಣದಬತ್ತಿಯನ್ನು ನೆಟ್ಟಗೆ ನಿಲ್ಲಿಸಿ, 3-4 ಸೆಕೆಂಡ್ ಮೆಲ್ಲಗೆ ತಿರುಗಿಸಿ, ಎತ್ತಿ ನೋಡಿ. ಸಮ ಆಗೋವರೆಗೆ ಹೀಗೇ ಮಾಡಿ. ಒತ್ತಿ ಹಿಡಿದರೆ ಒಂದು ಬದಿ ಜಾಸ್ತಿ ಕರಗುತ್ತೆ.

5. ಕೂಡಲೇ ಬಟರ್ ಪೇಪರ್ ಹಾಸಿದ ಗಾಜಿನ ಮೇಲೆ ನಿಲ್ಲಿಸಿ ಆರಲು ಬಿಡಿ. ಆ ಗಾಜು ಸಮ ಇದೆಯಾ ಅಂತ ಗಾರೆ ಕೆಲಸದವರ ರಸಮಟ್ಟ ಇಟ್ಟು ಮೊದಲೇ ನೋಡಿಕೊಳ್ಳಿ.

ತಟ್ಟೆಯಲ್ಲಿ ಉಳಿದ ಮೇಣವನ್ನು ಸಿಂಕ್‌ಗೆ ಸುರಿಯಬೇಡಿ, ಪೈಪ್ ಕಟ್ಟಿಕೊಳ್ಳುತ್ತೆ. ಆರಿದ ಮೇಲೆ ಕೆರೆದು ತೆಗೆದರೆ ಮುಂದಿನ ಸಲಕ್ಕೆ ಆಗುತ್ತೆ.

ತವಾ ಯಾಕೆ ಬೇಡ?

ಉರಿಯುವ ಸ್ಟವ್ ಮೇಲೆ ತವಾ ಇಟ್ಟು ಇದೇ ಕೆಲಸ ಬೇಗ ಮುಗಿಸಬಹುದು, ಆದರೆ ಅಪಾಯ. ಪ್ಯಾರಾಫಿನ್ ಕರಗೋಕೆ ಸುಮಾರು 50ರಿಂದ 70 ಡಿಗ್ರಿ ಸೆಲ್ಸಿಯಸ್ ಸಾಕು. ಖಾಲಿ ತವಾ ನೋಡ ನೋಡುತ್ತಲೇ ಅದರ ಎರಡು, ಮೂರು ಪಟ್ಟು ಕಾಯುತ್ತೆ. ಮೇಣ ಹೊಗೆಯಾಡಿ ಹೊತ್ತಿಕೊಳ್ಳಬಹುದು. ಕುದಿಯುವ ನೀರು ಸುಮಾರು 100 ಡಿಗ್ರಿ ದಾಟಲ್ಲ, ಹಾಗಾಗಿ ಮೇಲಿನ ತಟ್ಟೆಯೂ ಅಷ್ಟರೊಳಗೇ ಇರುತ್ತೆ.

ಆಕಸ್ಮಾತ್ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬೇಡಿ. ನೀರು ಒಮ್ಮೆಲೇ ಹಬೆಯಾಗಿ ಉರಿಯುವ ಮೇಣವನ್ನು ಸುತ್ತ ಚಿಮ್ಮಿಸುತ್ತೆ. ಸ್ಟವ್ ಆರಿಸಿ, ಲೋಹದ ಮುಚ್ಚಳ ಮುಚ್ಚಿ. ಆರೋವರೆಗೆ ತೆಗೆಯಬೇಡಿ.

ಅಂಗಡಿಯವರಿಗೆ

ಸರಕು ಇಳಿಸಿಕೊಳ್ಳುವಾಗಲೇ ಒಂದೊಂದನ್ನೂ ಕೌಂಟರ್ ಗಾಜಿನ ಮೇಲೆ ನಿಲ್ಲಿಸಿ, ತುದಿಗೆ ಬೆರಳು ತಾಗಿಸಿ. ಅಲುಗಾಡಿದರೆ ಮಾಡಿದವರಿಗೇ ವಾಪಸ್ ಕೊಡಿ, ತಳ ಸರಿ ಮಾಡೋದು ಐದು ನಿಮಿಷದ ಕೆಲಸ. ಗಿರಾಕಿಗೂ ಮೂರು ಮಾತು ಹೇಳಿ: ಕೆಳಗೆ ತಟ್ಟೆ ಇಡಿ, ಹಚ್ಚೋ ಮುಂಚೆ ದಾರ 6 ಮಿ.ಮೀ.ಗೆ ಕತ್ತರಿಸಿ, ಉರಿಯೋ ಮೇಣದಬತ್ತಿ ಬಿಟ್ಟು ಮಲಗಬೇಡಿ.