ಉಲ್ಲೇಖದ ಲೆಕ್ಕ ಮತ್ತು ಶಾಸ್ತ್ರಗಳ ಅಂತರ: ಹಳಕಟ್ಟಿಯವರ ಪ್ರಕಟಣೆಗಳನ್ನು ಮುಂದಿಟ್ಟುಕೊಂಡು

ಫ.ಗು. ಹಳಕಟ್ಟಿಯವರ (1880–1964) ಪ್ರಕಟಣೆಗಳ ಪಟ್ಟಿ ದೊಡ್ಡದು. ಅಂತಾರಾಷ್ಟ್ರೀಯ ಉಲ್ಲೇಖಸೂಚಿಗಳಲ್ಲಿ ಅದರ ನೆರಳು ಬಿದ್ದಿರುವುದು ತೀರ ಕಡಿಮೆ. ವಿಜಯಪುರದಲ್ಲಿ ವಕೀಲಿ ಮಾಡುತ್ತಲೇ ವಚನಗಳ ಓಲೆಗರಿಗಳನ್ನು ಕಲೆಹಾಕಿದ ಅವರು 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಸಂಗ್ರಾಹಕ, ಸಂಪಾದಕ, ಮುದ್ರಕ, ಪ್ರಕಾಶಕ ಎಲ್ಲವೂ ಒಬ್ಬರೇ. ಸ್ವಂತ ಮುದ್ರಣಾಲಯ, ಸ್ವಂತ ಪತ್ರಿಕೆ, ಅದರಲ್ಲಿ ಸ್ವಂತ ಬರಹ! ಬಡ್ತಿಗೆ ಅಂಕ ಎಣಿಸುವ ಇಂದಿನ ಯಾವ ಸಮಿತಿಯೂ ಇದನ್ನು ಸುಲಭವಾಗಿ ಒಪ್ಪಲಾರದು.

ಉಲ್ಲೇಖಗಳನ್ನು ಕ್ರಮವಾಗಿ ಎಣಿಸುವ ವಿಚಾರವನ್ನು ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಮುಂದಿಟ್ಟರು. 1964ರಲ್ಲಿ ಅವರ ವಿಜ್ಞಾನ ಉಲ್ಲೇಖಸೂಚಿ ಹೊರಬಂತು. ಒಂದು ವಿಚಾರ ಮುಂದೆ ಯಾವ ಯಾವ ಲೇಖನಗಳಿಗೆ ದಾಟಿತು ಎಂದು ಹುಡುಕಲು ಹುಟ್ಟಿದ ಸಾಧನ ಬರಬರುತ್ತ ಮನುಷ್ಯರನ್ನು ತೂಗುವ ತಕ್ಕಡಿಯಾಯಿತು. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಚ್-ಸೂಚ್ಯಂಕವನ್ನು ಸೂಚಿಸಿದರು. ತಲಾ 10 ಸಲವಾದರೂ ಉಲ್ಲೇಖಗೊಂಡ 10 ಲೇಖನಗಳಿದ್ದು, ತಲಾ 11 ಸಲ ಉಲ್ಲೇಖಗೊಂಡ 11 ಲೇಖನಗಳು ಇಲ್ಲದಿದ್ದರೆ ಆ ಸಂಶೋಧಕರ ಸೂಚ್ಯಂಕ 10. ಈ ಅಳತೆ ಶಾಸ್ತ್ರದಿಂದ ಶಾಸ್ತ್ರಕ್ಕೆ ಬದಲಾಗುವುದನ್ನು ಹಿರ್ಶ್ ಅದೇ ಲೇಖನದಲ್ಲಿ ತೋರಿಸಿದ್ದರು: ಭೌತಶಾಸ್ತ್ರದ ಎಡ್ವರ್ಡ್ ವಿಟನ್ ಅವರದು 110, ಜೀವವಿಜ್ಞಾನದ ಸಾಲೊಮನ್ ಸ್ನೈಡರ್ ಅವರದು 191. ಜೀವವಿಜ್ಞಾನದಲ್ಲಿ ಬರೆಯುವವರು ಹೆಚ್ಚು, ಒಂದೊಂದು ಲೇಖನದ ಉಲ್ಲೇಖಪಟ್ಟಿಯೂ ಉದ್ದ.

ಈ ಅಂತರ ಸರಿದೂಗಿಸಲು ಅದೇ ಶಾಸ್ತ್ರದ, ಅದೇ ವರ್ಷದ, ಅದೇ ಬಗೆಯ ಬರಹಗಳ ಸರಾಸರಿಯಿಂದ ಉಲ್ಲೇಖಸಂಖ್ಯೆಯನ್ನು ಭಾಗಿಸುವ ಕ್ರಮವಿದೆ. ಕನ್ನಡ ಸಂಶೋಧನೆಯ ಮಟ್ಟಿಗೆ ತೊಡಕು ಇಲ್ಲೇ: ಭಾಗಿಸಬೇಕಾದ ಸರಾಸರಿಯೇ ಲಭ್ಯವಿಲ್ಲ, ಏಕೆಂದರೆ ಕನ್ನಡ ಪುಸ್ತಕಗಳ ಅಡಿಟಿಪ್ಪಣಿಗಳನ್ನು ಆ ಸೂಚಿಗಳು ಓದುವುದಿಲ್ಲ.

ಭೌತಶಾಸ್ತ್ರದ ಅನುಭವ ಬೇರೆ. ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯ ಬಗ್ಗೆ ಸಿ.ವಿ. ರಾಮನ್ 1920ರ ದಶಕದ ಆರಂಭದಲ್ಲಿ ಬರೆದರು. ದನಿ ಬಾಗಿದ ಗೋಡೆಗೆ ಅಂಟಿಕೊಂಡು ಸಾಗುವ ಈ ವಿದ್ಯಮಾನಕ್ಕೆ 1910ರಲ್ಲೇ ಲಾರ್ಡ್ ರೇಲಿ ಗಣಿತದ ವಿವರಣೆ ಕೊಟ್ಟಿದ್ದರು. ಮುಂದೆ ಕಿರುಗಾಜಿನ ಗೋಳಗಳೊಳಗೆ ಬೆಳಕನ್ನು ಹಾಗೆಯೇ ಸುತ್ತಿಸುವ ಸಂಶೋಧನೆ ಬೆಳೆದಾಗ ಹಳೆಯ ಶಬ್ದಶಾಸ್ತ್ರದ ಲೇಖನಗಳು ಮತ್ತೆ ಉಲ್ಲೇಖಕ್ಕೆ ಬಂದವು.

ಕೃಷಿವಿಜ್ಞಾನದ ಪ್ರಭಾವ ಬಹುಪಾಲು ಕಾಗದದ ಹೊರಗೇ ಉಳಿಯುತ್ತದೆ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಬಬಲೇಶ್ವರದ ಎರೆಹೊಲದಲ್ಲಿ ಚೌಕುಮಡಿ ಕಟ್ಟಿ, ಮಳೆನೀರು ಇಂಗಿಸಿ, ಹಿಂಗಾರಿ ಜೋಳ ಬಿತ್ತುವ ರೈತ ಯಾರ ಲೇಖನವನ್ನೂ ಉಲ್ಲೇಖಿಸುವುದಿಲ್ಲ. ತಿಕೋಟಾದ ದ್ರಾಕ್ಷಿ ಬೆಳೆಗಾರರಿಗೆ ಬೋರ್ಡೋ ದ್ರಾವಣ ಗೊತ್ತು. 1885ರಲ್ಲಿ ಅದರ ಗುಣವನ್ನು ಪ್ರಕಟಿಸಿದ ಮಿಲಾರ್ಡೆ ಗೊತ್ತಿರಬೇಕಿಲ್ಲ. ವಿಚಾರವೊಂದು ಎಲ್ಲರದಾದಾಗ ಅದರ ಮೂಲದ ಹೆಸರು ಅಳಿಸಿಹೋಗುವುದನ್ನು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಗುರುತಿಸಿದ್ದರು.

ಹಳಕಟ್ಟಿಯವರ ವಿಷಯದಲ್ಲೂ ಆದದ್ದು ಇದೇ. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು 15 ಭಾಗಗಳಲ್ಲಿ ಹೊರತಂದ ಮೇಲೆ ವಚನವನ್ನು ಆ ಸಂಪುಟ, ಆ ಸಂಖ್ಯೆಯಿಂದ ಸೂಚಿಸುವುದು ರೂಢಿಯಾಯಿತು. ಪಾಠ ಪರಿಷ್ಕರಣೆಯ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಮೊದಲು ಅಚ್ಚಿಗೆ ತಂದವರ ಪಾಲಿನ ಉಲ್ಲೇಖ ನಂತರದ ಆವೃತ್ತಿಯ ಖಾತೆಗೆ ಜಮೆಯಾಗುತ್ತದೆ. ಬಿ.ಎಲ್.ಡಿ.ಇ. ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರ ಹೊರತಂದ ಅವರ ಸಮಗ್ರ ಸಾಹಿತ್ಯವನ್ನು ಬಳಸಿದವರು ಮರುಮುದ್ರಣದ ಇಸವಿಯನ್ನೇ ಬರೆದರೆ 1926ರ ಬರಹ ಹೊಸದೆಂದು ಎಣಿಕೆಯಾಗುತ್ತದೆ. ಉಳಿದ ಉಲ್ಲೇಖಗಳೂ ಒಂದೆಡೆ ಸೇರುವುದಿಲ್ಲ: ಕನ್ನಡದಲ್ಲಿ ಫ.ಗು. ಆದವರು ಇಂಗ್ಲಿಷಿನಲ್ಲಿ ಪಿ.ಜಿ.; ಅಲ್ಲಿ ಹಳಕಟ್ಟಿ ಎಂಬ ಅಡ್ಡಹೆಸರಿನ ಕಾಗುಣಿತವೂ ಒಂದೇ ಬಗೆಯಾಗಿಲ್ಲ. ಯಂತ್ರದ ಎಣಿಕೆಗೆ ಇವರೆಲ್ಲ ಬೇರೆ ಬೇರೆ ಲೇಖಕರು.