ಪದ ಪರಿಚಯ: ಉಸಿರು

ಉಸಿರು (ನಾ.): ಒಳಗೆಳೆದು ಹೊರಬಿಡುವ ಗಾಳಿ, ಪ್ರಾಣ. ಅಚ್ಚ ದ್ರಾವಿಡ ಪದ. ಹಳಗನ್ನಡದಲ್ಲಿ ‘ಉಸಿರ್’. ತಮಿಳಿನ ‘ಉಯಿರ್’, ತೆಲುಗಿನ ‘ಉಸುರು’ ಇದರ ಒಡಹುಟ್ಟುಗಳು. ಎರಡಕ್ಕೂ ಜೀವ ಎಂಬ ಅರ್ಥವಿದೆ. ಕ್ರಿಯಾಪದವಾದಾಗ ‘ಹೇಳು’ ಎಂದರ್ಥ: ‘ಗುಟ್ಟನ್ನು ಕಿವಿಯಲ್ಲಿ ಉಸುರಿದಳು.’ ನೀಳವಾಗಿ ಬಿಟ್ಟರೆ ನಿಟ್ಟುಸಿರು, ಏದಿದರೆ ಏದುಸಿರು. ಬಳ್ಳಾರಿ ಕಡೆ ಉಬ್ಬಸಕ್ಕೆ ‘ದಮ್ಮು’ ಎನ್ನುವುದುಂಟು. ಪಾರಸಿಯಿಂದ ಬಂದ ಆ ಪದದ ಮೂಲಾರ್ಥವೂ ಉಸಿರೇ.

ಉಸಿರಿನ ಅಸಲು ಕೆಲಸ ನಡೆಯುವುದು ಶ್ವಾಸಕೋಶದ ಕೋಟಿಗಟ್ಟಲೆ ವಾಯುಕೋಶಗಳಲ್ಲಿ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಪೊರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು. ಆಮ್ಲಜನಕದ ಒತ್ತಡ ವಾಯುಕೋಶದಲ್ಲಿ ಸುಮಾರು 100, ಒಳಬರುವ ರಕ್ತದಲ್ಲಿ 40 ಮಿ.ಮೀ. ಪಾದರಸ. ಹೆಚ್ಚಿದ್ದ ಕಡೆಯಿಂದ ಕಡಿಮೆಯಿದ್ದ ಕಡೆಗೆ ಅದು ತಾನಾಗಿಯೇ ದಾಟಿ ಹಿಮೊಗ್ಲೋಬಿನ್ನಿಗೆ ಅಂಟುತ್ತದೆ. ಇಂಗಾಲದ ಡೈಆಕ್ಸೈಡು ಎದುರು ದಿಕ್ಕಿಗೆ. ಹೀಗಾಗಿ ಒಳಗೆಳೆದ ಗಾಳಿಯಲ್ಲಿ ಶೇ. 21ರಷ್ಟಿದ್ದ ಆಮ್ಲಜನಕ ಹೊರಬಿಟ್ಟ ಗಾಳಿಯಲ್ಲಿ ಶೇ. 16ರ ಆಸುಪಾಸಿಗೆ ಇಳಿದಿರುತ್ತದೆ.

ಈ ಅನಿಲ ದಾಟುವಿಕೆಗೆ ಕಲ್ಲಿನ ದೂಳು ಅಡ್ಡಿಯಾಗಬಲ್ಲದು. ಬಳ್ಳಾರಿ ಬಳಿಯ ಸಂಗನಕಲ್ಲಿನ ಗುಡ್ಡಗಳಲ್ಲಿ ಕಲ್ಲಿನ ಕೆಲಸ ಹಳೆಯದು: ನವಶಿಲಾಯುಗದವರು ಡಾಲರೈಟ್ ಕಲ್ಲು ಕೆತ್ತಿ ಕೊಡಲಿ ಮಾಡಿದರು. ಈಚೆಗೆ ಅಲ್ಲಿ ಗ್ರಾನೈಟ್ ಗಣಿಯೂ ನಡೆಯಿತು. ಗ್ರಾನೈಟ್ ಒಡೆದಾಗ ಏಳುವ ಸಿಲಿಕಾ ದೂಳಿನ ಅತಿ ಸಣ್ಣ ಕಣಗಳು ವಾಯುಕೋಶದವರೆಗೂ ಇಳಿಯಬಲ್ಲವು. ವರ್ಷಗಟ್ಟಲೆ ಸೇರಿದರೆ ಅಲ್ಲಿ ಕಲೆಗಟ್ಟಿ, ಅನಿಲ ದಾಟುವುದೇ ಕಷ್ಟವಾಗುತ್ತದೆ. ಇದೇ ಸಿಲಿಕೋಸಿಸ್. ಇದು ವಾಸಿಯಾಗದ ಕಾಯಿಲೆ. ನೀರು ಸಿಂಪಡಿಸಿ ಕಲ್ಲು ಕೊರೆಯುವುದು, ಸರಿಯಾದ ಮುಖಗವಸು ಹಾಕುವುದು ಇವು ತಡೆಯುವ ದಾರಿಗಳು.